ಪಂಡಿತಾ ರಮಾಬಾಯಿಯವರು

ತುಂಗಾಭದ್ರೆಯರು ಉದಿಸುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದ ಈ ಮಹಿಳೆಯನ್ನು ನಮ್ಮ ನಾಡಿನವರೆಂದು ಹೇಳಿಕೊಳ್ಳಲು ನಾವು ಸಂಕೋಚಪಡುವುದಿಲ್ಲ. ತಾಯಿಯೇ ಸಂಸ್ಕೃತವನ್ನು ಕಲಿಸಿದರು; ಕ್ಷಾಮವು ತಾಯಿತಂದೆಗಳಿಬ್ಬರನ್ನೂ ಕೊಂಡೊಯ್ದಿತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. 1896ರ ಬರಗಾಲದಲ್ಲಿ ಹಸಿದ ಬಾಲವಿಧವೆಯರನ್ನೂ ಅನಾಥೆಯರನ್ನೂ ಕರೆತಂದು ಪುಣೆಯ ಬಳಿಯ ಕೇಡಗಾಂವದಲ್ಲಿ ಆಶ್ರಯವಿತ್ತರು, ಅದೇ ಮುಕ್ತಿ.

ಅವರ ಪಾಂಡಿತ್ಯವನ್ನು ಎಲ್ಲರೂ ಹೊಗಳುವರು. ನಮಗಾದರೋ ಅವರ ಕಡೆಯ ವರುಷಗಳೇ ಹೆಚ್ಚು ಪ್ರಿಯ. ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದವನ್ನು ಇಬ್ರಿಯ ಗ್ರೀಕ್ ಮೂಲಗಳಿಂದ ಭಾಷಾಂತರಿಸಲು ಕುಳಿತಾಗ ಅವರಿಗೆ ನಲವತ್ತು ದಾಟಿತ್ತು. (ನಮಗೂ ಈಗ ಅದೇ ಪ್ರಾಯ, ಓದಿ ನಾಚಿದೆವು.) 1921ರಲ್ಲಿ ಅವರ ಬಲಗೈಯಂತಿದ್ದ ಏಕಮಾತ್ರ ಪುತ್ರಿ ಮನೋರಮೆ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯವರೂ ಪ್ರಭುವಿನಲ್ಲಿ ನಿದ್ರೆಹೋದರು. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿದ ಆ ಗ್ರಂಥವು 1924ರಲ್ಲಿ ಪೂರ್ಣವಾಗಿ ಹೊರಬಂದಿತು.