ತ.ರಾ.ಸು. ಬದುಕು ಮತ್ತು ಕಾದಂಬರಿ ವಿಮರ್ಶೆಯ ಪಾಠ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಶಾಸನವೊಂದಿದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಈ ಶಾಸನ ಬಹಳ ಸವೆದಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳೊಡನೆ ಹೋಲಿಸಿ ವಿದ್ವಾಂಸರು ಅದನ್ನು ಓದಿದರು. ಮೊದಲು ಇದ್ದದ್ದನ್ನು ಓದುವುದು, ಆಮೇಲೆ ಹೋಲಿಸುವುದು, ಕೊನೆಗೆ ತೀರ್ಮಾನಕ್ಕೆ ಬರುವುದು. ಕಾದಂಬರಿಯ ಮೇಲೆ ವಿಮರ್ಶಾ ಪ್ರಬಂಧ ಬರೆಯುವ ವಿದ್ಯಾರ್ಥಿಗೂ ಇದೇ ದಾರಿ. ಇದೇ ಸೀಮೆಯ ಮನೆತನದ ಕಾದಂಬರಿಕಾರ ತ.ರಾ.ಸು. ಅವರ ಬದುಕು ಈ ಮಾತನ್ನು ಚೆನ್ನಾಗಿ ತಿಳಿಸುತ್ತದೆ.

ತ.ರಾ. ಸುಬ್ಬರಾವ್ ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಮಲೇಬೆನ್ನೂರಿನಲ್ಲಿ. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ತಂದೆ ರಾಮಸ್ವಾಮಯ್ಯನವರು ವಕೀಲರು. ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು, ಕುವೆಂಪು ಅವರ ಗುರುಗಳು. ಓದು ಬರಹಗಳ ಈ ಮನೆಯ ಹುಡುಗ 1942ರ ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು. ಮುಂದೆ ಪತ್ರಕರ್ತರಾದರು. ಅ.ನ.ಕೃ. ಮುಂದಾಳಾಗಿದ್ದ ಪ್ರಗತಿಶೀಲ ಚಳವಳಿಯಲ್ಲಿ ಪ್ರಮುಖರಾದರು. ಬರವಣಿಗೆಯಿಂದಲೇ ಬಾಳು ಸಾಗಿಸಿದರು.

ಜನಸಾಮಾನ್ಯರು ಅವರನ್ನು ಬಲ್ಲದ್ದು ಹೆಚ್ಚಾಗಿ ಸಿನಿಮಾದಿಂದ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ. ಚಿತ್ರ ನೋಡಿ ಕಾದಂಬರಿಯ ಬಗ್ಗೆ ಬರೆದರೆ ಅದು ವಿಮರ್ಶೆಯಾಗದು. ಪುಸ್ತಕವನ್ನು ಎರಡು ಸಲವಾದರೂ ಓದಬೇಕು. ಮೊದಲ ಸಲ ಕಥೆಗಾಗಿ, ಎರಡನೆಯ ಸಲ ಪೆನ್ಸಿಲ್ ಹಿಡಿದು.

ಅವರ ಜೀವಮಾನದ ಸಾಧನೆ ಚಿತ್ರದುರ್ಗದ ಪಾಳೆಯಗಾರರ ಕಾದಂಬರಿ ಮಾಲೆ. ಅದರ ಕೊನೆಯ ಕೃತಿ 'ದುರ್ಗಾಸ್ತಮಾನ' 1982ರಲ್ಲಿ ಬಂತು. 1779ರಲ್ಲಿ ಹೈದರಾಲಿ ಕೋಟೆಯನ್ನು ಗೆದ್ದದ್ದು, ಮದಕರಿ ನಾಯಕನ ಆಳ್ವಿಕೆ ಮುಗಿದದ್ದು ಅದರ ವಸ್ತು. ನಮ್ಮ ವಿದ್ಯಾರ್ಥಿಗಳಿಗೆ ನಿಜವಾದ ಪರೀಕ್ಷೆ ಇಲ್ಲಿದೆ. ಹೈದರನ ಹೆಸರು ಬಂದೊಡನೆ ಒಬ್ಬ ನೊಂದುಕೊಂಡು ಪುಸ್ತಕ ಮುಚ್ಚಬಹುದು. ಇನ್ನೊಬ್ಬ ಕಾದಂಬರಿಯನ್ನೇ ಚರಿತ್ರೆಯೆಂದು ನಂಬಿ ಇಂದಿನ ನೆರೆಯವನ ಮೇಲೆ ಸಿಟ್ಟಾಗಬಹುದು. ಇಬ್ಬರೂ ಕೃತಿಯನ್ನು ಓದಿದಂತಾಗಲಿಲ್ಲ.

ಮದಕರಿ ಹಿಂದೆ ಹಲವು ದಂಡಯಾತ್ರೆಗಳಲ್ಲಿ ಹೈದರನಿಗೆ ನೆರವಾಗಿದ್ದವನು. ಅವನ ಸೈನ್ಯದಲ್ಲಿ ಮುಸ್ಲಿಮರೂ ಇದ್ದರು. ಹೈದರನ ಆಡಳಿತದಲ್ಲಿ ಪೂರ್ಣಯ್ಯನವರೂ ಇದ್ದರು. ಅದು ಎರಡು ಧರ್ಮಗಳ ಯುದ್ಧವಾಗಿರಲಿಲ್ಲ, ರಾಜ್ಯಕ್ಕಾಗಿ ನಡೆದ ಯುದ್ಧ. ಹೋಲಿಸಲು ಎಂ.ಎಸ್. ಪುಟ್ಟಣ್ಣನವರ ಪಾಳೆಯಗಾರರ ಇತಿಹಾಸ ಪಕ್ಕದಲ್ಲಿರಲಿ. ಚರಿತ್ರೆಯಲ್ಲಿ ಇದ್ದದ್ದೇನು, ಲೇಖಕರು ಕಲ್ಪಿಸಿದ್ದೇನು, ಕಲ್ಪಿಸಿದ್ದು ಯಾಕೆ ಎಂದು ಕೇಳಿಕೊಳ್ಳಿ.

ಹೆಸರನ್ನೂ ಗಮನಿಸಿ. ಲೇಖಕರು ದುರ್ಗದ ಪತನ ಎನ್ನಲಿಲ್ಲ, ಅಸ್ತಮಾನ ಎಂದರು. ಸೂರ್ಯನನ್ನು ಶತ್ರು ಬೀಳಿಸುವುದಿಲ್ಲ. ಅವನ ಹೊತ್ತು ಮುಗಿಯುತ್ತದೆ. ಹಾಗಾದರೆ ಕೋಟೆಯ ಒಳಗೇ ಹೊತ್ತು ಮುಗಿಸಿದ ಕಾರಣಗಳು ಯಾವುವು? ಇಂಥ ಒಂದೇ ಪ್ರಶ್ನೆಯನ್ನು ಹಿಡಿದುಕೊಳ್ಳಿ. ನಿಮ್ಮ ಉತ್ತರವನ್ನು ಮೊದಲ ಪ್ಯಾರಾದಲ್ಲೇ ಸ್ಪಷ್ಟವಾಗಿ ಬರೆಯಿರಿ. ಪ್ರತಿಯೊಂದು ಮಾತಿಗೂ ಕೃತಿಯಿಂದ ಒಂದು ಸನ್ನಿವೇಶವನ್ನು ಪುಟಸಂಖ್ಯೆಯೊಡನೆ ಆಧಾರ ಕೊಡಿ. ಕಥೆಯನ್ನು ಮತ್ತೆ ಹೇಳುತ್ತ ಹೋಗಬೇಡಿ. ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಸನ್ನಿವೇಶ ಕಂಡರೆ ಅದನ್ನು ಬಚ್ಚಿಡದೆ ಚರ್ಚಿಸಿ. ಹೈದರನ ಪಾತ್ರವನ್ನೂ ಮದಕರಿಯ ಪಾತ್ರವನ್ನೂ ಒಂದೇ ಅಳತೆಗೋಲಿನಿಂದ ಅಳೆಯಿರಿ. ಚಿತ್ರಣ ಏಕಮುಖವೆನಿಸಿದರೆ ಧೈರ್ಯವಾಗಿ ಹೇಳಿ, ಆದರೆ ಆಧಾರದೊಡನೆ ಹೇಳಿ.

ತ.ರಾ.ಸು. 1984ರ ಏಪ್ರಿಲ್ 10ರಂದು ತೀರಿಕೊಂಡರು. ಮರುವರ್ಷ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಸ್ವೀಕರಿಸಲು ಅವರಿರಲಿಲ್ಲ. ಹಲವು ವರ್ಷಗಳ ಶ್ರಮದಿಂದ ಒಬ್ಬರು ಬರೆದದ್ದನ್ನು ಒಂದು ಸಂಜೆಯ ಕೋಪದಲ್ಲಾಗಲಿ ಅಭಿಮಾನದಲ್ಲಾಗಲಿ ತೀರ್ಮಾನಿಸಬಾರದು. ನ್ಯಾಯವಾಗಿ ಓದುವುದನ್ನು ಕಲಿತ ವಿದ್ಯಾರ್ಥಿ ನಾಳೆ ಸಮಾಜದಲ್ಲೂ ನ್ಯಾಯವಾಗಿ ಮಾತನಾಡುತ್ತಾನೆ.