ಮಿತಾಕ್ಷರಾಕಾರ ಶ್ರೀ ವಿಜ್ಞಾನೇಶ್ವರರು

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಇಂದು ಬಸವಕಲ್ಯಾಣವೆನಿಸಿರುವ ಆ ರಾಜಧಾನಿಯಲ್ಲಿ, ಅವನ ಕಾಲದಲ್ಲಿ, ಶ್ರೀ ವಿಜ್ಞಾನೇಶ್ವರರು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದರು. ಭಾರದ್ವಾಜ ಗೋತ್ರದ ಪದ್ಮನಾಭಭಟ್ಟೋಪಾಧ್ಯಾಯರ ಸುಪುತ್ರರಾದ ಇವರು ಪರಮಹಂಸ ಸಂನ್ಯಾಸಿಗಳು. ಮನೆಮಾರುಗಳನ್ನು ತೊರೆದ ಯತಿಗಳು ಗೃಹಸ್ಥರ ಆಸ್ತಿವಿಭಾಗವನ್ನು ಇಷ್ಟು ಸೂಕ್ಷ್ಮವಾಗಿ ವಿಚಾರಿಸಿದ್ದು ಸೋಜಿಗವೆನಿಸಬಹುದು. ಪಾಲಿನ ಆಸೆಯಿಲ್ಲದವರಿಗಲ್ಲದೆ ಬೇರಾರಿಗೆ ಅದು ಸಾಧ್ಯ?

ಪಿತ್ರಾರ್ಜಿತದಲ್ಲಿ ಪುತ್ರನಿಗೆ ಹುಟ್ಟಿನಿಂದಲೇ ಸ್ವಾಮ್ಯವುಂಟೆಂಬ ಅವರ ನಿರ್ಣಯ ಸುಪ್ರಸಿದ್ಧವಾದುದು. ಜೀಮೂತವಾಹನನ ದಾಯಭಾಗವನ್ನು ಅನುಸರಿಸಿದ ವಂಗದೇಶವನ್ನುಳಿದು ಭರತಖಂಡದ ಬಹುಭಾಗಕ್ಕೆ ಮಿತಾಕ್ಷರೆಯೇ ಪ್ರಮಾಣವಾಯಿತು.

ಆದರೆ ಸ್ತ್ರೀಯರ ವಿಷಯದಲ್ಲಿ ಅವರು ತೋರಿದ ಔದಾರ್ಯವನ್ನು ಸ್ಮರಿಸುವವರು ವಿರಳ. ವಿಭಕ್ತನಾಗಿದ್ದು ಅಪುತ್ರನಾಗಿ ಗತಿಸಿದವನ ಸಮಸ್ತ ಧನವೂ ಮೊದಲು ಸಾಧ್ವಿಯಾದ ಪತ್ನಿಗೆ, ಅನಂತರ ಪುತ್ರಿಯರಿಗೆ ಸಲ್ಲತಕ್ಕದ್ದೆಂದರು. ಸ್ತ್ರೀಧನವನ್ನು ಹೇಳುವ ಸ್ಮೃತಿವಚನದಲ್ಲಿ ‘ಮೊದಲಾದ’ ಎಂಬರ್ಥದ ‘ಆದ್ಯ’ ಎಂಬುದೊಂದು ಪದವುಂಟು. ಅದೊಂದನ್ನೇ ಹಿಡಿದು, ದಾಯವಾಗಿ ಬಂದದ್ದು, ಕ್ರಯಕ್ಕೆ ಕೊಂಡದ್ದು, ವಿಭಾಗದಲ್ಲಿ ದೊರೆತದ್ದು ಎಲ್ಲವೂ ಸ್ತ್ರೀಧನವೇ ಎಂದು ಪ್ರತಿಪಾದಿಸಿದರು.

1810ರಲ್ಲಿ ಕೋಲ್‌ಬ್ರೂಕನು ದಾಯವಿಭಾಗ ಪ್ರಕರಣವನ್ನು ಆಂಗ್ಲಭಾಷೆಗೆ ತಂದ ಮೇಲೆ ಬ್ರಿಟಿಷರ ನ್ಯಾಯಾಲಯಗಳು ಈ ಗ್ರಂಥವನ್ನೇ ಆಶ್ರಯಿಸಿದವು. ಆದರೂ ಪತಿಯಿಂದ ವಿಧವೆಗೆ ಬಂದ ಆಸ್ತಿಯ ಮಟ್ಟಿಗೆ ಪ್ರಿವಿ ಕೌನ್ಸಿಲು ಈ ಅರ್ಥವನ್ನು ಒಪ್ಪಲಿಲ್ಲ. ಆಕೆಗೆ ಉಳಿದದ್ದು ಜೀವಿತಾವಧಿಯ ಪರಿಮಿತ ಹಕ್ಕಷ್ಟೇ; ತಕ್ಕ ಅವಶ್ಯಕತೆಯಿಲ್ಲದೆ ಮಾರುವಂತಿರಲಿಲ್ಲ, ಅವಳ ತರುವಾಯ ಅದು ಪತಿಯ ದಾಯಾದರಿಗೆ ಮರಳುತ್ತಿತ್ತು. ಎಷ್ಟು ಮನೆಗಳ ಹೆಣ್ಣುಮಕ್ಕಳು ಇದರಿಂದ ಮೈದುನರ ಹಂಗಿಗೆ ಬಿದ್ದರೆಂಬುದನ್ನು ಬಲ್ಲವರೇ ಬಲ್ಲರು! ಯತಿಗಳು ಒಂದು ಪದದಲ್ಲಿ ಕಂಡಿದ್ದ ಪೂರ್ಣಸ್ವಾಮ್ಯವು ಆಕೆಯ ಕೈಸೇರಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನಿಂದ.