ದಿವಂಗತ ಬಿಷಪ್ ಅಜರಯ್ಯನವರು

ಪರದೇಶದ ಹಣದಿಂದಲೂ ಪರದೇಶೀಯರ ಅಧಿಕಾರದಿಂದಲೂ ನಡೆಯುತ್ತಿದ್ದ ಸಂಸ್ಥೆಯೊಂದರಲ್ಲಿ ಹುಟ್ಟಿ ಬೆಳೆದು, ಅದರ ಆಡಳಿತಕ್ಕೆ ತಕ್ಕ ಸ್ವದೇಶೀಯರನ್ನು ಹಳ್ಳಿಗಳಿಂದಲೇ ಆರಿಸಿ ಸಿದ್ಧಗೊಳಿಸಿದವರು ವೇದನಾಯಕಂ ಸ್ಯಾಮ್ಯುಯೆಲ್ ಅಜರಯ್ಯನವರು. ಮತದ ವಿಷಯದಲ್ಲಿ ಅವರೊಡನೆ ಒಮ್ಮತವಿಲ್ಲದವರಿಗೂ ಈ ಚರಿತ್ರೆಯು ವಿಚಾರಾರ್ಹವಾದುದು.

ಅವರು ೧೮೭೪ನೆಯ ಇಸವಿ ಆಗಸ್ಟಿನಲ್ಲಿ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಹಳ್ಳಿಯ ಪಾದ್ರಿ. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಪದವಿಯನ್ನು ಪಡೆಯದೆ ೧೮೯೫ರಲ್ಲಿ ಕ್ರೈಸ್ತ ಯುವಕರ ಸಂಘದ ಕಾರ್ಯದರ್ಶಿಗಳಾದರು. ೧೯೦೨ರಲ್ಲಿ ಯಾಳ್ಪಾಣಕ್ಕೆ ಹೋದಾಗ, ಅಲ್ಲಿಯ ತಮಿಳು ಕ್ರೈಸ್ತರು ತಮ್ಮವರಿಂದಲೇ ಪ್ರಚಾರಕಾರ್ಯವನ್ನು ನಡೆಸುತ್ತಿದ್ದುದನ್ನು ಕಂಡು ಅವರ ಮನಸ್ಸಿಗೆ ನಾಚಿಕೆಯುಂಟಾಯಿತು. ಮರುವರ್ಷವೇ ತಿರುನೆಲ್ವೇಲಿಯಲ್ಲಿ ಭಾರತೀಯರ ಹಣ, ಭಾರತೀಯರ ಜನ, ಭಾರತೀಯರ ಆಡಳಿತವೆಂಬ ನಿಯಮದ ಮೇಲೆ ಒಂದು ಸಂಘವು ಹುಟ್ಟಿತು. ೧೯೦೫ರ ಡಿಸೆಂಬರಿನಲ್ಲಿ, ವಂಗದೇಶವು ಸ್ವದೇಶೀ ಚಳವಳಿಯಿಂದ ಕಲಕಿಹೋಗಿದ್ದಾಗ, ಶ್ರೀರಾಮಪುರದಲ್ಲಿ ಕೆ. ಟಿ. ಪಾಲ್ ಮೊದಲಾದವರೊಡನೆ ಇದೇ ತತ್ತ್ವದ ಅಖಿಲ ಭಾರತ ಸಂಘವನ್ನು ಸ್ಥಾಪಿಸಿದರು.

ಅನ್ಯರನ್ನು ಕಳುಹಿಸಿ ತಾವು ಕಛೇರಿಯಲ್ಲಿ ಕುಳಿತಿರುವುದು ಅವರಿಗೆ ಸರಿತೋರಲಿಲ್ಲ. ೧೯೦೯ರಲ್ಲಿ ಪಾದ್ರಿಗಳಾಗಿ ನಿಜಾಮರ ಸೀಮೆಯ ಡೋರ್ನಕಲ್ಲಿಗೆ ಬಂದು ತೆಲುಗು ಭಾಷೆಯನ್ನು ಕಲಿತರು. ಮರುವರ್ಷ ಎಡಿನ್‌ಬರೋದಲ್ಲಿ ಕೂಡಿದ ಜಾಗತಿಕ ಮಿಷನರಿ ಸಮ್ಮೇಳನದ ಸುಮಾರು ೧,೨೦೦ ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಆ ಸಭೆಯಲ್ಲಿ ಅವರು, ಯುರೋಪಿಯನ್ನರು ಹಣವನ್ನೂ ಪ್ರಾಣವನ್ನೂ ಕೊಡಬಲ್ಲರಾದರೂ ಭಾರತೀಯ ಸಹೋದ್ಯೋಗಿಯನ್ನು ಸರಿಸಮಾನ ಸ್ನೇಹಿತನೆಂದು ಬಗೆಯಲಾರರೆಂದು ಸ್ಪಷ್ಟವಾಗಿ ಸಾರಿದರು. ಕೆಲವರಿಗೆ ಕೋಪ ಬಂದಿತು. ೧೯೧೨ರ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ಅವರು ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ಪರಾದಾಗಲೂ ಆಕ್ಷೇಪಣೆಗಳು ಇಲ್ಲದೆ ಇರಲಿಲ್ಲ. ಭಾರತೀಯನ ಕೈಕೆಳಗೆ ಬಿಳಿಯರು ಕೆಲಸ ಮಾಡುವುದೆಂತು ಎಂಬುದೇ ಶಂಕೆ! ಮದರಾಸಿನ ಬಿಷಪ್ ವೈಟ್‌ಹೆಡ್ಡರು ಅವರ ಪಕ್ಷದಲ್ಲಿ ದೃಢವಾಗಿ ನಿಂತರೆಂಬುದನ್ನು ಮರೆಯಲಾಗದು.

ಆ ಶಂಕೆಗೆ ಅವರು ಕೊಟ್ಟ ಉತ್ತರವೆಲ್ಲ ಡೋರ್ನಕಲ್ಲಿನ ಶಿಕ್ಷಣಶಾಲೆಯಲ್ಲಿದ್ದಿತು. ಅವರ ಸಭೆಗೆ ಸೇರುತ್ತಿದ್ದವರಲ್ಲಿ ಬಹುಮಂದಿ ಮಾಲ, ಮಾದಿಗ ಜನರು. ಅಕ್ಷರವನ್ನರಿಯದ ಬಡ ಕೂಲಿಗಾರರು. ಅಂಥವರಿಂದ ಊರಿನ ಉಪದೇಶಿಗಳನ್ನೂ ಮುಂದೆ ಪಾದ್ರಿಗಳನ್ನೂ ಸಿದ್ಧಗೊಳಿಸಬೇಕಾಗಿದ್ದಿತು. ಪಟ್ಟಣದ ವಿದ್ಯೆಯನ್ನು ಪಡೆದವನು ಹಳ್ಳಿಗೆ ಹಿಂದಿರುಗಲೊಲ್ಲನೆಂಬುದು ನಮ್ಮ ದೇಶದ ಸರ್ವಸಾಧಾರಣ ಅನುಭವವಷ್ಟೆ. ಆದುದರಿಂದ ಶಿಕ್ಷಣವು ದೇಶಭಾಷೆಯಲ್ಲಿಯೂ ಜೀವನವು ಸರಳ ರೀತಿಯಲ್ಲಿಯೂ ನಡೆಯಬೇಕೆಂದು ಅವರ ಹಟ. ಪತಿಯ ಜತೆಗೆ ಪತ್ನಿಗೂ ಶಿಕ್ಷಣ; ಉಪದೇಶಿಯ ಮನೆಯೇ ಊರಿಗೆ ಪಾಠವಾಗಬೇಕಷ್ಟೆ. ಈ ಕಾರ್ಯದಲ್ಲಿ ಅವರ ಧರ್ಮಪತ್ನಿ ಅನ್ಬು ಮರಿಯಮ್ಮಾಳ್ ಅವರ ಪಾಲು ದೊಡ್ಡದು. ಹೊಸತಾಗಿ ಸೇರಿದ ಮುದುಕನೂ ತನ್ನ ತಲೆಯ ಮೇಲೆ ಕೈಯಿಟ್ಟು, ತಾನು ಕಲಿತುದನ್ನು ಇತರರಿಗೆ ತಿಳಿಸುವೆನೆಂದು ಪ್ರತಿಜ್ಞೆ ಮಾಡಬೇಕಾಗಿದ್ದಿತು. ಎತ್ತಿನ ಬಂಡಿಯಲ್ಲಿಯೂ ಬೈಸಿಕಲ್ಲಿನಲ್ಲಿಯೂ ಊರೂರು ಸುತ್ತಿ ಬಿಷಪ್ಪರೇ ತಮ್ಮ ಶಿಷ್ಯರ ಕೆಲಸವನ್ನು ಪರೀಕ್ಷಿಸುತ್ತಿದ್ದರು. ಅವರ ಅಧಿಕಾರವು ಕೃಷ್ಣಾ ಪ್ರಾಂತದವರೆಗೆ ಹಬ್ಬಿದ ಮೇಲೆ, ಯಾವ ಬಿಳಿಯ ಪಾದ್ರಿಗಳ ವಿಷಯದಲ್ಲಿ ಶಂಕೆಯಿದ್ದಿತೋ ಅವರೂ ಅವರ ಕೈಕೆಳಗೇ ಕೆಲಸ ಮಾಡಿದರು.

ಹರಿಜನರ ಮತಾಂತರದ ವಿಷಯದಲ್ಲಿ ಮಹಾತ್ಮಾ ಗಾಂಧಿಯವರಿಗೂ ಅವರಿಗೂ ೧೯೩೦ರ ದಶಕದಲ್ಲಿ ತೀವ್ರ ಭಿನ್ನಾಭಿಪ್ರಾಯವುಂಟಾಯಿತು. ಗಾಂಧಿಯವರ ಆಕ್ಷೇಪಣೆಯಲ್ಲಿ ತಥ್ಯವಿತ್ತೆಂದು ನಮ್ಮ ಭಾವನೆ. ಹಾಗೆಯೇ, ಶತಮಾನಗಳಿಂದ ಯಾರೂ ಪಾಠ ಹೇಳದಿದ್ದವರಿಗೆ ಅಜರಯ್ಯನವರು ಪಾಠ ಹೇಳಿದರೆಂಬುದೂ ನಿಜ. ೧೯೩೨ರ ಕೋಮುವಾರು ತೀರ್ಪು ಕ್ರೈಸ್ತರಿಗೆ ಪ್ರತ್ಯೇಕ ಮತದಾನದ ಹಕ್ಕನ್ನು ಕೊಟ್ಟಾಗ ಅದು ಬೇಡವೆಂದು ವಿರೋಧಿಸಿದವರೂ ಇವರೇ.

ಡೋರ್ನಕಲ್ಲಿನಲ್ಲಿ ಹಿಂದೂ ಮತ್ತು ಮುಸಲ್ಮಾನ ಶಿಲ್ಪಗಳನ್ನು ಬೆರೆಸಿ ಅವರು ಕಟ್ಟಿಸಿದ ದೇವಾಲಯವು ೧೯೩೯ರ ಜನವರಿಯಲ್ಲಿ ಪ್ರತಿಷ್ಠಿತವಾಯಿತು. ದಕ್ಷಿಣದ ಪ್ರಾಟೆಸ್ಟಂಟ್ ಸಭೆಗಳು ಒಂದಾಗಬೇಕೆಂದು ೧೯೧೯ರ ತರಂಗಂಬಾಡಿಯ ಸಭೆಯಿಂದ ಮೊದಲ್ಗೊಂಡು ಅವರು ಶ್ರಮಿಸಿದ್ದರು. ೧೯೪೫ರ ಜನವರಿ ೧ರಂದು ಡೋರ್ನಕಲ್ಲಿನಲ್ಲಿಯೇ ಅವರು ತೀರಿಕೊಂಡರು. ದಕ್ಷಿಣ ಭಾರತ ಸಭೆಯು ಏರ್ಪಟ್ಟುದು ೧೯೪೭ರ ಸೆಪ್ಟೆಂಬರ್ ೨೭ರಂದು, ದೇಶವು ಸ್ವತಂತ್ರವಾಗಿ ಆರು ವಾರಗಳು ಕಳೆದ ಮೇಲೆ.